ಖಂಡಸ್ಫುಟಿತ ಜೀರ್ಣೋದ್ಧಾರ

ಶಾಸನಗಳ ದಾನಭಾಗದಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲು ಬಿಟ್ಟ ದತ್ತಿಯದು. ದೇಗುಲವನ್ನು ಕೆಡವಿ ಕಟ್ಟಲು ಅಲ್ಲ. ಕಳೆದ ಮಳೆಗಾಲ ಬೀದರಿನಲ್ಲಿ ಈ ಮಾತು ಬೇರೊಂದು ಸಂದರ್ಭದಲ್ಲಿ ನೆನಪಾಯಿತು.

ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಸುತ್ತಿ ತೆಗೆದ ಶಾಸನಚಿತ್ರಗಳೂ ಹಲವು ವರ್ಷಗಳ ಟಿಪ್ಪಣಿಗಳೂ ಇದ್ದ ಕಂಪ್ಯೂಟರು, ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋಗಿ ಕೆಟ್ಟಿತು. ವಿಂಡೋಸ್ ತೆರೆಯುತ್ತಿತ್ತು, ಪದೇ ಪದೇ ಸ್ತಬ್ಧವಾಗುತ್ತಿತ್ತು. ‘ಫಾರ್ಮ್ಯಾಟ್ ಹೊಡೀಬೇಕ್ರಿ ಸರ್’ ಎಂದರು ಅಂಗಡಿಯವರು. ‘ರೀಸೆಟ್’ ಮಾಡಿದರೆ ಕಡತಗಳು ಉಳಿಯುತ್ತವೆಂದು ಮಿತ್ರರೊಬ್ಬರ ಸಲಹೆ. ಕಡತಗಳೇನೋ ಉಳಿಯುತ್ತವೆ, ನಾವು ಹಾಕಿಕೊಂಡ ತಂತ್ರಾಂಶ, ಫಾಂಟುಗಳು ಅಳಿಯುತ್ತವೆ. ನನ್ನ ಹಳೆಯ ಟಿಪ್ಪಣಿಗಳಿರುವುದು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಬರಿಯ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಕಲ್ಲು ಇದೆ, ಪಾಠವಿಲ್ಲ.

ಆದ್ದರಿಂದ ಮೂರನೆಯ ದಾರಿ ಹಿಡಿದೆ. ಮೊದಲು ಎಲ್ಲವನ್ನೂ, ಫಾಂಟುಗಳನ್ನೂ ಸೇರಿಸಿ, ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿಕೊಂಡೆ. ಮೈಕ್ರೋಸಾಫ್ಟ್ ತಾಣದಿಂದ ಯಂತ್ರದಲ್ಲಿದ್ದ ವಿಂಡೋಸಿನದೇ ಆವೃತ್ತಿಯ, ಅದೇ ಭಾಷೆಯ ಐಎಸ್‌ಒ ಕಡತವನ್ನು ಇಳಿಸಿಕೊಂಡು, ತೆರೆದಿದ್ದ ವಿಂಡೋಸಿನೊಳಗಿನಿಂದಲೇ ‘ಸೆಟಪ್’ ನಡೆಸಿದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಈ ಅನುಕೂಲ ಸಿಗದು. ಸ್ವಂತ ಕಡತಗಳ ಜೊತೆಗೆ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿದೆ. ವ್ಯವಸ್ಥೆಯ ಕಡತಗಳಷ್ಟೇ ಹೊಸದಾದವು. ಅಷ್ಟು ಹೊತ್ತೂ ನನ್ನ ಕಣ್ಣು ಪರದೆಗಿಂತ ಹೆಚ್ಚಾಗಿ ಯುಪಿಎಸ್‌ನ ದೀಪದ ಮೇಲಿತ್ತು!

ಮೊದಲು ತೆರೆದುದು ಔರಾದಿನ ಟಿಪ್ಪಣಿ. ಒತ್ತಕ್ಷರಗಳೆಲ್ಲ ಸ್ವಸ್ಥಾನದಲ್ಲಿದ್ದವು. ಈಗ ದಿನಕ್ಕಿಷ್ಟು ಪುಟಗಳಂತೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇನೆ; ಅರ್ಕಾವತ್ತು ಕೆಲವೆಡೆ ಇನ್ನೂ ತಪ್ಪು ಜಾಗದಲ್ಲಿ ಬೀಳುತ್ತದೆ.