ಉಪ್ಪನ ಲೆಕ್ಕದ ಪುಸ್ತಕ ಮತ್ತು ಗೂಗಲ್

ಗೂಗಲ್‌ನಲ್ಲಿ ಒಂದು ಪದ ಹಾಕಿದರೆ ಅದು ಆ ಕ್ಷಣದಲ್ಲೇ ಲೋಕದ ಪುಟಗಳನ್ನೆಲ್ಲ ಓದಿ ಉತ್ತರ ತರುತ್ತದೆ ಎಂದು ಮಕ್ಕಳು ನಂಬಿದ್ದಾರೆ. ದೊಡ್ಡವರಲ್ಲೂ ಹಲವರ ಎಣಿಕೆ ಅದೇ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಯಂತ್ರವನ್ನು ಬಿಚ್ಚಿ ತೋರಿಸಿದರೇ ಸಮಾಧಾನ. ಈ ಯಂತ್ರವನ್ನು ಬಿಚ್ಚಲು ಕಂಪ್ಯೂಟರ್ ಬೇಕಿಲ್ಲ. ರಜೆಯಲ್ಲಿ ಉಪ್ಪಳದ ನಮ್ಮ ಮನೆಯ ಜಗಲಿಯಲ್ಲಿ ಹನ್ನೆರಡು ಮಕ್ಕಳಿಗೆ ಕಾಗದ, ಪೆನ್ಸಿಲಿನಲ್ಲೇ ಕಲಿಸಿದೆ.

ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಊರಿನ ಬಗ್ಗೆ ಮೂರು ವಾಕ್ಯ ಬರೆದರು. ಚೀಟಿಗಳಿಗೆ 1ರಿಂದ 12ರವರೆಗೆ ನಂಬರ್ ಕೊಟ್ಟೆವು. "ಮೀನು ಎಂಬ ಪದ ಎಲ್ಲೆಲ್ಲಿದೆ?" ಎಂದು ಕೇಳಿದೆ. ಹನ್ನೆರಡನ್ನೂ ಓದಬೇಕಾಯಿತು.

ಆಗ ಉಪ್ಪನ ಅಂಗಡಿಯ ಹಳೆಯ ಪುಸ್ತಕಗಳನ್ನು ತೋರಿಸಿದೆ. ಒಂದರಲ್ಲಿ ಸಾಲವೆಲ್ಲ ತಾರೀಕಿನ ಪ್ರಕಾರ ಇದೆ. ಅದರಲ್ಲಿ ಒಬ್ಬರ ಬಾಕಿ ಹುಡುಕಲು ಇಡೀ ಪುಸ್ತಕ ತಿರುವಬೇಕು. ಅದಕ್ಕೇ ಉಪ್ಪ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇನ್ನೊಂದು ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಪುಟದ ನಂಬರ್ ಬರೆದಿಡುತ್ತಿದ್ದರು. ಗಿರಾಕಿ ಬಂದು ನಿಲ್ಲುವಾಗ ಹುಡುಕುವ ಕೆಲಸ ಮೊದಲೇ ಮುಗಿದಿರುತ್ತಿತ್ತು. ಸರ್ಚ್ ಎಂಜಿನ್ ಮಾಡುವುದೂ ಇದನ್ನೇ. ಪುಟಗಳನ್ನು ಮುಂಚೆಯೇ ಓದಿ, ಪ್ರತಿ ಪದದ ಮುಂದೆ ಅದು ಇರುವ ಪುಟಗಳ ಪಟ್ಟಿ ಇಟ್ಟುಕೊಳ್ಳುತ್ತದೆ.

ಮಕ್ಕಳೂ ಪಟ್ಟಿ ಮಾಡಿದರು. ಮೀನು: 2, 5, 9. ಮಳೆ: 5, 7, 9. ಎರಡೂ ಪದ ಬೇಕೆಂದರೆ 5 ಮತ್ತು 9. ಇವುಗಳಲ್ಲಿ ಯಾವುದು ಮೊದಲು? ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ಉಪಾಯ ಸರಳ. ಬೇರೆ ಪುಟಗಳು ಕೈತೋರಿಸುವ ಪುಟಕ್ಕೆ ತೂಕ ಹೆಚ್ಚು. ತೂಕದ ಪುಟವೇ ಕೈತೋರಿಸಿದರೆ ಇನ್ನೂ ಹೆಚ್ಚು. ಈಗ ಇದರ ಜೊತೆ ಬೇರೆ ಲೆಕ್ಕಗಳೂ ಸೇರಿವೆ. ಮಕ್ಕಳು ತಮಗೆ ಇಷ್ಟವಾದ ಎರಡೆರಡು ಚೀಟಿಗಳ ನಂಬರ್ ಬರೆದರು. 9 ಮೇಲೆ ಬಂತು.

ತೊಡಕು ಆಮೇಲೆ ಶುರುವಾಯಿತು. 'ಅಂಗಡಿ' ಎಂದು ಹುಡುಕಿದರೆ ಒಂದೇ ಚೀಟಿ ಸಿಕ್ಕಿತು. ಉಳಿದವರು 'ಅಂಗಡಿಗೆ', 'ಅಂಗಡಿಯಲ್ಲಿ' ಎಂದು ಬರೆದಿದ್ದರು. ಇವೆಲ್ಲ ಒಂದೇ ಎಂದು ಯಾರಾದರೂ ಕಲಿಸದೆ ಯಂತ್ರಕ್ಕೆ ಗೊತ್ತಾಗುವುದಿಲ್ಲ.

"ಮಾಮ, ಬ್ಯಾರಿ ಪದ ಹುಡುಕಿದರೆ?" ಎಂದಳು ಅಕ್ಕನ ಮಗಳು. ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಬೆಳಗಿನಿಂದ ಜಗಲಿಯಲ್ಲಿ ಎಲ್ಲರೂ ಆಡಿದ್ದು ಬ್ಯಾರಿ, ಬರೆದದ್ದು ಮಾತ್ರ ಕನ್ನಡ. ಬರೆಯದೇ ಇದ್ದದ್ದು ಪಟ್ಟಿಗೆ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಭಾಷೆ ನಾಳೆ ಹುಡುಕುವ ಮಗುವಿಗೆ ಇಲ್ಲವೇ ಇಲ್ಲ ಎಂಬಂತೆ ಕಾಣುತ್ತದೆ.

ಎಲ್ಲರೂ ಎರಡನೇ ಚೀಟಿಯನ್ನು ಕನ್ನಡ ಲಿಪಿಯಲ್ಲಿ, ಬ್ಯಾರಿಯಲ್ಲೇ ಬರೆದರು. ಒಂದೇ ಪದಕ್ಕೆ ಮೂರು ಬಗೆಯ ಕಾಗುಣಿತ ಬಂತು, ಪಟ್ಟಿಯಲ್ಲಿ ಮೂರು ಸಾಲಾಯಿತು. ಯಾವುದು ಸರಿ ಎಂದು ಮಧ್ಯಾಹ್ನದ ಊಟದವರೆಗೆ ಜಗಳ. ಕೊನೆಗೆ ಮೂರನ್ನೂ ಒಂದೇ ಸಾಲಿಗೆ ಸೇರಿಸಿದರು.

ನಿಮ್ಮ ಮನೆಯಲ್ಲೂ ಆಡಿಸಿ ನೋಡಿ. ಎರಡನೇ ಚೀಟಿಯನ್ನು ಮರೆಯಬೇಡಿ.