ನೀರಿನ ಕಣಿವೆಯ ಗರಸಿನ ಹಾದಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿರುವ ಕನ್ನಡ ಮನೆತನಗಳಲ್ಲಿ ಬಹುಪಾಲು ಮಂದಿ ಪೂಜೆಗೆಂದು ಬೆಳಗ್ಗೆ ತುಂಬಿಕೊಳ್ಳುವ ನೀರು ಆ ನಾಡಿನದಲ್ಲ. ಅದು ನೆರೆಯ ವೇಲ್ಸ್ ದೇಶದ ಬೆಟ್ಟಗಳ ಮೇಲೆ ಸುರಿದ ಮಳೆ. ಎಲಾನ್ ಎಂಬ ಕಣಿವೆಯ ಜಲಾಶಯಗಳಲ್ಲಿ ನಿಂತು, ಅಲ್ಲಿಂದ 118 ಕಿಲೋಮೀಟರ್ ಉದ್ದದ ಸುರಂಗ, ಕಾಲುವೆ, ಕೊಳವೆಗಳ ಮೂಲಕ ಕೇವಲ ಇಳಿಜಾರಿನ ಬಲದಿಂದ ಸುಮಾರು ಒಂದೂವರೆ ದಿನ ಹರಿದು ಅದು ನಗರವನ್ನು ಸೇರುತ್ತದೆ. ಆ ಇಳಿಜಾರಾದರೂ ಎಷ್ಟು? 2300 ಅಡಿ ದೂರಕ್ಕೆ ಒಂದು ಅಡಿ ಮಾತ್ರ. ಕಳೆದ ವರ್ಷ ಆ ನಗರದ ಭಕ್ತರೊಬ್ಬರ ಮನೆಯಲ್ಲಿ ಕೆಲದಿನ ತಂಗಿದ್ದಾಗ, ಮನೆಯ ಮಕ್ಕಳು ರಜೆಯಲ್ಲಿ ಸೈಕಲ್ ತುಳಿಯಲು ಹೋಗುವುದೂ ಅದೇ ಕಣಿವೆಗೆ ಎಂದು ತಿಳಿದು, ನಾವೂ ಅವರೊಡನೆ ಹೊರಟೆವು.

ಆ ಮಕ್ಕಳ ಸೈಕಲ್ ನಮ್ಮ ಓದುಗರು ಬಲ್ಲ ಸೈಕಲ್ ಅಲ್ಲ. ಅದಕ್ಕೆ ಗ್ರಾವೆಲ್ ಬೈಕ್ ಎಂದು ಹೆಸರು. ಪಂದ್ಯದ ಸೈಕಲ್ಲಿನಂತೆ ಕೆಳಗೆ ಬಾಗಿದ ಹಿಡಿ. ಆದರೆ ಚಕ್ರದ ರಬ್ಬರು ಅದಕ್ಕಿಂತ ಅಗಲ, ನಲವತ್ತು ಮಿಲಿಮೀಟರಿನ ಆಸುಪಾಸು. ಗಾಳಿಯನ್ನು ತುಸು ಕಡಿಮೆ ತುಂಬುವುದರಿಂದ ಕಲ್ಲಿನ ಹೊಡೆತ ಮೈಗೆ ಅಷ್ಟಾಗಿ ತಾಗುವುದಿಲ್ಲ. ಡಾಂಬರಿನ ಮೇಲೂ ಗರಸಿನ ಮೇಲೂ ಒಂದೇ ದಿನದಲ್ಲಿ ಓಡಾಡಲು ಅನುಕೂಲವಾದ ವಾಹನವಿದು. ಎಲಾನ್ ಕಣಿವೆ ಇದಕ್ಕೆ ಹೇಳಿ ಮಾಡಿಸಿದ ಸ್ಥಳ. ಸುಮಾರು 180 ಚದರ ಕಿಲೋಮೀಟರ್ ವಿಸ್ತಾರದ ಬೆಟ್ಟ, ಹುಲ್ಲುಗಾವಲು, ಜೌಗು ನೆಲವೆಲ್ಲ ಜಲಾಶಯಗಳ ಒಡೆತನಕ್ಕೆ ಸೇರಿದ್ದು. ಅದರೊಳಗೆ ಕ್ಲೇರ್‌ವೆನ್ ಎಂಬ ರಾಷ್ಟ್ರೀಯ ನಿಸರ್ಗಧಾಮವೂ ಇದೆ.

ರೆಯಾಡರ್ ಎಂಬ ಚಿಕ್ಕ ಪೇಟೆಯ ಅಂಚಿನಿಂದ ಮೊದಲ ಹಾದಿ ತೊಡಗುತ್ತದೆ. ಅಣೆಕಟ್ಟಿನ ಕಲ್ಲು, ಸಿಮೆಂಟು, ಆಳುಗಳನ್ನು ಹೊತ್ತೊಯ್ಯಲು 1890ರ ದಶಕದಲ್ಲಿ ಹಾಕಿದ ರೈಲುಮಾರ್ಗವದು. ಕೆಲಸ ಮುಗಿದ ಮೇಲೆ ಹಳಿಗಳನ್ನು ಕಿತ್ತರು. ಏರುದಿಬ್ಬ ಹಾಗೆಯೇ ಉಳಿಯಿತು. ರೈಲಿಗಾಗಿ ಕಟ್ಟಿದ್ದಾದ್ದರಿಂದ ಏರು ಬಹಳ ಸೌಮ್ಯ. ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರದ ಈ ಹಾದಿಯಲ್ಲಿ ಅರವತ್ತು ದಾಟಿದ ನಾವೂ ಬಾಡಿಗೆಯ ಸೈಕಲ್ ಏರಿ ಸಾಗಿದೆವು. ಮೊದಲು ಕಾಬಾನ್ ಕೋಖ್, ಬಳಿಕ ಗರೆಗ್ ದೀ, ಪೆನಗರೆಗ್, ಕೊನೆಗೆ ಕ್ರೇಗ್ ಗೋಖ್. ಒಂದರ ಮೇಲೊಂದು ಮೆಟ್ಟಿಲಿನಂತೆ ಅಣೆಕಟ್ಟುಗಳು ಎದುರಾಗುತ್ತವೆ. ಗರೆಗ್ ದೀ ಮಾತ್ರ ಕಣ್ಣಿಗೆ ಅಣೆಕಟ್ಟಿನಂತೆ ತೋರುವುದೇ ಇಲ್ಲ. ಅದು ನೀರಿನೊಳಗೆ ಮುಳುಗಿರುವ ಗೋಡೆ. ಅದರ ಮೇಲೆ ಕಮಾನುಗಳನ್ನೆತ್ತಿ ರಸ್ತೆಯನ್ನು ಹಾಯಿಸಿದ್ದಾರೆ.

ಆ ಸೇತುವೆಯ ಮೇಲೆ ನಾವು ಬಹಳ ಹೊತ್ತು ನಿಂತೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ನಗರವಾಗಿ ಅತಿವೇಗದಿಂದ ಬೆಳೆಯಿತು. ಶುದ್ಧ ನೀರು ಸಾಲದೆ ರೋಗಗಳು ಹರಡಿದವು. ಆಗ ನಗರಸಭೆ ದೂರದ ವೇಲ್ಸ್ ಬೆಟ್ಟಗಳತ್ತ ದೃಷ್ಟಿ ಹಾಯಿಸಿ 1892ರಲ್ಲಿ ಪಾರ್ಲಿಮೆಂಟಿನಿಂದ ಒಂದು ಶಾಸನವನ್ನು ಪಡೆಯಿತು. ಜೇಮ್ಸ್ ಮ್ಯಾನ್ಸರ್ ಎಂಬ ಇಂಜಿನಿಯರನ ಯೋಜನೆಯಂತೆ 1893ರಲ್ಲಿ ಕೆಲಸ ಆರಂಭವಾಯಿತು. 1904ರ ಜುಲೈ 21ರಂದು ಏಳನೆಯ ಎಡ್ವರ್ಡ್ ದೊರೆ ಬಂದು ನೀರು ಬಿಟ್ಟನು. ದೊರೆಯ ಚಿತ್ರಗಳು ಪುಸ್ತಕಗಳಲ್ಲಿ ದೊರೆಯುತ್ತವೆ. ದೊರೆಯದಿರುವುದು ಕಣಿವೆಯಿಂದೆದ್ದು ಹೋದ ಸುಮಾರು ನೂರು ಜನರ ಮಾತು. ಮೂರು ದೊಡ್ಡ ಮನೆಗಳು, ಹದಿನೆಂಟು ಹೊಲಮನೆಗಳು, ಒಂದು ಶಾಲೆ, ಒಂದು ಚರ್ಚು ನೀರಿನ ಪಾಲಾದವು. ಪರಿಹಾರ ದೊರೆತದ್ದು ಭೂಮಿಯ ಒಡೆಯರಿಗೆ ಮಾತ್ರ. ಗೇಣಿಯ ಮೇಲೆ ಉಳುತ್ತಿದ್ದವರಿಗೆ, ಆಳುಮಕ್ಕಳಿಗೆ ಏನೂ ಸಿಗಲಿಲ್ಲ. ಕೃಷ್ಣೆಯ ತೀರದ ನಮ್ಮ ಓದುಗರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ.

ಮುಳುಗಿದ ದೊಡ್ಡ ಮನೆಗಳಲ್ಲಿ ಎರಡು ಷೆಲ್ಲಿ ಕವಿಯ ಸಂಬಂಧದಿಂದ ಪ್ರಸಿದ್ಧವಾಗಿವೆ. 1811ರಲ್ಲಿ ಒಂದರಲ್ಲಿ ಅವನು ಬಂಧುಗಳ ಅತಿಥಿಯಾಗಿದ್ದನು. ಮರುವರ್ಷ ಪತ್ನಿಯೊಡನೆ ಇನ್ನೊಂದರಲ್ಲಿ ವಾಸವಾಗಿದ್ದನು. ಬರಗಾಲದ ಬೇಸಿಗೆಗಳಲ್ಲಿ ನೀರು ಇಳಿದಾಗ ಆ ಎರಡನೆಯ ಮನೆಯ ತೋಟದ ಗೋಡೆ ಮೇಲೆದ್ದು ಕಾಣುವುದುಂಟು. ಕವಿಯ ಮನೆಯ ಗೋಡೆಗೆ ಯಾತ್ರಿಕರಿದ್ದಾರೆ. ಹದಿನೆಂಟು ಹೊಲಮನೆಗಳ ಒಲೆಗಳನ್ನು ಯಾರು ಹುಡುಕುತ್ತಾರೆ?

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ 1892ರ ಶಾಸನದ 53ನೆಯ ಕಲಮು, ಜಲಾನಯನದ ಸಾಮುದಾಯಿಕ ಬೆಟ್ಟಭೂಮಿಯಲ್ಲಿ ಗಾಳಿ ಸೇವನೆಗೂ ವ್ಯಾಯಾಮಕ್ಕೂ ವಿನೋದಕ್ಕೂ ಸಾರ್ವಜನಿಕರು ಎಲ್ಲ ಕಾಲದಲ್ಲಿ ಸಂಚರಿಸಬಹುದೆಂದು ವಿಧಿಸಿತು. ನೀರು ಕೆಡಬಾರದೆಂದು ಬೆಟ್ಟವನ್ನೆಲ್ಲ ಕೊಂಡ ನಗರವು, ಆ ಬೆಟ್ಟದಿಂದ ಬಡವನನ್ನು ಹೊರಗಿಡಬಾರದೆಂಬುದು ಅದರ ಆಶಯ. ಬೇಟೆಯಾಡುವ ಜಮೀನುದಾರರು ಕಾಲುಹಾದಿಗಳನ್ನು ಮುಚ್ಚುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮುಂದೆ ಈ ಬಗೆಯ ಹಕ್ಕುಗಳಿಗೆ ಇದೊಂದು ಮಾದರಿಯೂ ಆಯಿತು. ಸೈಕಲ್ಲಿನ ಹಕ್ಕು ಬಂದದ್ದು ಬಹಳ ತಡವಾಗಿ. 1968ರ ಕಾಯಿದೆಯು ಕುದುರೆಹಾದಿಗಳಲ್ಲಿ ಸೈಕಲ್ ಸವಾರರಿಗೆ ಅವಕಾಶ ಕೊಟ್ಟಿತು; ಆದರೆ ನಡೆಯುವವರಿಗೂ ಕುದುರೆಯವರಿಗೂ ಅವರು ದಾರಿ ಬಿಡಬೇಕೆಂದು ಕಟ್ಟಳೆ. ಬರಿಯ ಕಾಲುಹಾದಿಗಳಲ್ಲಿ ಸೈಕಲ್ಲಿಗೆ ಹಕ್ಕಿಲ್ಲ. ಗ್ರಾವೆಲ್ ಸವಾರರು ನಕಾಶೆಯಲ್ಲಿ ಮೊದಲು ನೋಡಬೇಕಾದದ್ದು ಏರಿಳಿತವನ್ನಲ್ಲ, ಈ ಹಾದಿಯ ಜಾತಿಯನ್ನು ಎಂಬುದು ನಮ್ಮ ಅಭಿಪ್ರಾಯ.

ನಿಜವಾದ ಗರಸಿನ ಹಾದಿ ಇರುವುದು ಕ್ಲೇರ್‌ವೆನ್ ಜಲಾಶಯದ ದಡದಲ್ಲಿ. ಮೊದಲು ಇಲ್ಲಿ ಮೂರು ಚಿಕ್ಕ ಅಣೆಕಟ್ಟುಗಳನ್ನು ಕಟ್ಟುವ ಯೋಚನೆಯಿತ್ತು. ಕೊನೆಗೆ ಒಂದೇ ದೊಡ್ಡದನ್ನು ಕಟ್ಟಿ 1952ರಲ್ಲಿ ಎಲಿಜಬೆತ್ ರಾಣಿಯಿಂದ ಉದ್ಘಾಟಿಸಿದರು. ಎತ್ತರ 56 ಮೀಟರ್. ಒಳಗೆ ಕಾಂಕ್ರೀಟು, ಹಳೆಯ ಅಣೆಕಟ್ಟುಗಳ ನೋಟಕ್ಕೆ ಹೊಂದಲೆಂದು ಹೊರಗೆ ಕಡೆದ ಕಲ್ಲಿನ ಹೊದಿಕೆ. ಅಲ್ಲಿಂದ ನೀರಿನ ಅಂಚನ್ನು ಅನುಸರಿಸಿ ಸುಮಾರು ಹತ್ತು ಕಿಲೋಮೀಟರ್ ಕಲ್ಲುಹಾದಿ. ಮನೆಯಿಲ್ಲ, ಮರವೂ ವಿರಳ; ಕುರಿಗಳು, ಗಾಳಿ, ಮೇಲೆ ಸುತ್ತುವ ಕೆಂಪು ಗಿಡುಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲೆಲ್ಲ ಕೆಲವೇ ಜೊತೆಗಳಾಗಿ ಮಧ್ಯ ವೇಲ್ಸಿನ ಕಣಿವೆಗಳಲ್ಲಿ ಮಾತ್ರ ಉಳಿದಿದ್ದ ಈ ಹಕ್ಕಿ ಈಗ ಸಾವಿರಗಟ್ಟಲೆಯಾಗಿದೆ. ನಾವು ಇಲ್ಲಿ ಸೈಕಲ್ ಬಿಟ್ಟು ಮೂರು ಮೈಲಿ ನಡೆದು ಹಿಂದಿರುಗಿದೆವು. ಮಕ್ಕಳು ಮುಂದೆ ಸಾಗಿದರು. ಮಳೆನೀರು ತುಂಬಿದ ಗುಂಡಿಗಳ ಆಳ ಹೊರಗಿನಿಂದ ತಿಳಿಯದು. ಚಕ್ರ ಅರ್ಧ ಮುಳುಗಿದ್ದೂ ಉಂಟಂತೆ. ಹಾದಿ ಬೆಟ್ಟದ ನೆತ್ತಿಯನ್ನು ದಾಟಿ, ಟೇವಿ ನದಿಯ ಉಗಮವಾದ ಕೆರೆಗಳ ಬಳಿ ಹಾಯ್ದು, ಪಶ್ಚಿಮದ ಇಳಿಜಾರಿನಲ್ಲಿ ಒಂದು ಪುರಾತನ ಮಠದ ನೆರೆಗೆ ಇಳಿಯುತ್ತದೆ.

ಸ್ಟ್ರಾಟಾ ಫ್ಲೋರಿಡಾ ಎಂಬ ಆ ಮಠಕ್ಕೆ ನಾವು ಕಾರಿನಲ್ಲಿ ಸುತ್ತುಹಾಕಿ ಹೋಗಿ ಮಕ್ಕಳನ್ನು ಕೂಡಿಕೊಂಡೆವು. ಮಠದ ಅನ್ನವುಂಡು ಬೆಳೆದ ನಮಗೆ ಪಯಣದ ಮುಖ್ಯ ಆಕರ್ಷಣೆ ಅದೇ ಆಗಿತ್ತೆಂದು ಮುಚ್ಚಿಡಬೇಕಾದುದಿಲ್ಲ. 1164ರಲ್ಲಿ ಸ್ಥಾಪಿತವಾದ ಈ ಮಠ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳದು. ಕೈಯಾರೆ ದುಡಿದು ಉಣ್ಣಬೇಕೆಂಬುದು ಅವರ ನಿಯಮ. ನಮ್ಮ ನಾಡಿನಲ್ಲಿ ಶರಣರು ಕಾಯಕವನ್ನು ಬೋಧಿಸಿದ ಶತಮಾನವೂ ಅದೇ ಎಂಬುದು ಸಹಜವಾಗಿಯೇ ನೆನಪಾಯಿತು. ರೀಸ್ ಎಂಬ ವೇಲ್ಸ್ ಅರಸನು 1184ರಲ್ಲಿ ದತ್ತಿ ಕೊಟ್ಟ ಬೆಟ್ಟಗಳಲ್ಲಿ ಅವರು ಕುರಿ ಸಾಕಿದರು, ಉಣ್ಣೆ ಮಾರಿದರು. ಎಲಾನಿನ ಮೇಲಣ ಹುಲ್ಲುಗಾವಲು ಅವರದೇ. 1539ರಲ್ಲಿ ಎಂಟನೆಯ ಹೆನ್ರಿ ದೊರೆಯ ಆಳ್ವಿಕೆಯಲ್ಲಿ ಮಠ ಮುಚ್ಚಿತು. ಈಗ ಉಳಿದದ್ದು ಅಪೂರ್ವ ಕೆತ್ತನೆಯ ಪಶ್ಚಿಮದ್ವಾರದ ಕಮಾನು, ಒಂದಿಷ್ಟು ಚಿತ್ತಾರದ ನೆಲಹಾಸು, ಸುತ್ತ ಸಮಾಧಿಗಳು.

ಇಲ್ಲಿಂದ ಪೂರ್ವದ ಕೂಮ್‌ಹೀರ್ ಮಠಕ್ಕೆ ಬೆಟ್ಟದ ಮೇಲಿನಿಂದ ಹೋಗುತ್ತಿದ್ದ ಹಾದಿಯೊಂದಿದೆ. ಸನ್ಯಾಸಿಗಳ ಹಾದಿ ಎಂದೇ ಅದರ ಹೆಸರು. ಜೌಗಿನ ನಡುವೆ ಎಂಟುನೂರು ವರ್ಷ ಕಾಲ್ನಡಿಗೆಯನ್ನೂ ಕುದುರೆಯ ಗೊರಸನ್ನೂ ತಾಳಿಕೊಂಡ ಹಾದಿ ಅದು. ಮೋಜಿಗಾಗಿ ನುಗ್ಗಿದ ಜೀಪುಗಳೂ ಮೋಟರ್ ಸೈಕಲ್ಲುಗಳೂ ಅದನ್ನು ಕೆಲವೇ ದಶಕಗಳಲ್ಲಿ ಹಲವೆಡೆ ಆಳುದ್ದದ ಕೆಸರಿನ ಕಂದರವಾಗಿಸಿದವು. ಅಲ್ಲಿನ ನೆಲ ಮಣ್ಣಲ್ಲ. ಸಾವಿರಾರು ವರ್ಷಗಳ ಪಾಚಿ ಕೊಳೆಯದೆ ಕಪ್ಪಾಗಿ ಕೂತ ಪದರವದು. ಮೇಲಿನ ಪಾಚಿಯ ಚರ್ಮ ಒಮ್ಮೆ ಹರಿದರೆ ಮಳೆನೀರು ಆ ಗಾಯದಲ್ಲಿ ಹರಿದು ಪದರವನ್ನೇ ಕೊಚ್ಚಿ, ಜಲಾಶಯದ ನೀರನ್ನು ಕಂದಾಗಿಸುತ್ತದೆ. ಈಗ ಯಂತ್ರವಾಹನಗಳಿಗೆ ಅಲ್ಲಿ ನಿಷೇಧವಿದೆ, ಸೈಕಲ್ಲಿಗೆ ಇಲ್ಲ. ಕಾನೂನು ಬಿಟ್ಟಿದೆಯೆಂದು ಮಳೆಗಾಲದಲ್ಲಿ ಅಲ್ಲಿ ಚಕ್ರ ಹಾಯಿಸುವುದು ಸರಿಯೇ? ಮನೆಯ ಹಿರಿಯ ಮಗಳನ್ನು ಹೀಗೆ ಕೇಳಿದೆವು. ಅವಳು ತಾನು ಒಮ್ಮೆ ಮಾತ್ರ ಅಲ್ಲಿಗೆ ಹೋಗಿದ್ದಾಗಿಯೂ, ಅರ್ಧ ದಾರಿಗೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆದು ಬಂದದ್ದಾಗಿಯೂ ಹೇಳಿದಳು. ಕಾರಣ ಕೇಳಿದರೆ, ಅದು ನಾವು ಕುಡಿಯುವ ನೀರಲ್ಲವೇ ಎಂದಳು.

ಹೋಗಬಯಸುವವರಿಗೆ ಒಂದೆರಡು ಸೂಚನೆಗಳು. ರೆಯಾಡರಿನ ರೈಲು 1962ರಲ್ಲಿ ನಿಂತುಹೋಯಿತು. ಹತ್ತಿರದ ನಿಲ್ದಾಣ ಲ್ಯಾಂಡ್ರಿಂಡಾಡ್ ವೆಲ್ಸ್. ಮೇ, ಜೂನ್ ತಿಂಗಳುಗಳು ಉತ್ತಮ. ಆದರೂ ಮಳೆಯಂಗಿ ಬೇಕೇ ಬೇಕು. ಕುರಿಗಳಿರುವ ಕಡೆ ಗೇಟನ್ನು ಹೇಗಿತ್ತೋ ಹಾಗೆ ಬಿಟ್ಟು ಮುಂದೆ ಸಾಗಬೇಕು. ಕ್ಲೇರ್‌ವೆನ್ ದಾಟಿದ ಮೇಲೆ ಮಠದ ಬಳಿಯ ಊರಿನವರೆಗೆ ಅಂಗಡಿ ಇಲ್ಲ. ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ನಮ್ಮದು ಜೋಳದ ರೊಟ್ಟಿ, ಶೇಂಗಾ ಹಿಂಡಿ.