ನಿದ್ದೆಗೇಡು

ಶಿವರಾತ್ರಿಯ ಜಾಗರಣೆಯನ್ನು ನಾನು ಬಾಲ್ಯದಿಂದಲೂ ಆಚರಿಸುತ್ತ ಬಂದವನು. ಆಚರಿಸುತ್ತ ಬಂದೆನೆಂಬುದು ಪೂರ್ತಿ ನಿಜವಲ್ಲ. ಮೂರನೆಯ ಯಾಮದಲ್ಲಿ ಕಂಬಕ್ಕೊರಗಿ ತೂಕಡಿಸಿ, ಗಂಟೆಯ ಸದ್ದಿಗೆ ಬೆಚ್ಚಿ ಕಣ್ತೆರೆದು, ಎಚ್ಚರವಾಗಿಯೇ ಇದ್ದವನಂತೆ ನಟಿಸಿದ ವರ್ಷಗಳೇ ಹೆಚ್ಚು. ಆದುದರಿಂದ, ನಿದ್ದೆಗೆಡಿಸುವುದನ್ನು ಚಿತ್ರಹಿಂಸೆಯೆಂದು ಎಣಿಸಬಹುದೇ ಎಂಬ ಮಾತು ನಮ್ಮ ಸಾಯಂಕಾಲದ ಗೋಷ್ಠಿಯಲ್ಲಿ ಒಮ್ಮೆ ಎದ್ದಾಗ, ವಕೀಲ ಮಿತ್ರರೊಬ್ಬರು "ಸ್ವಾಮಿ, ಪುಣ್ಯಕ್ಕಾಗಿ ಮಾಡುವುದನ್ನು ಹಿಂಸೆಯೆನ್ನುವುದು ಹೇಗೆ?" ಎಂದು ವಿನೋದ ಮಾಡಿದರು. ನಕ್ಕವರಲ್ಲಿ ನಾನೂ ಒಬ್ಬ.

ಆ ನಗೆ ಉಡುಗಿದುದು ನನ್ನ ತಾಯಿಯವರು ಉಬ್ಬಸದಿಂದ ಮಲಗಿದಾಗ. ಮಲಗಿದರು ಎನ್ನುವುದೂ ತಪ್ಪೇ; ಮಲಗಿದರೆ ಉಸಿರು ಕಟ್ಟುತ್ತಿದ್ದಿತಾದುದರಿಂದ, ನಾಲ್ಕು ರಾತ್ರಿ ಅವರನ್ನು ಎದ್ದು ಕೂರಿಸಿಕೊಂಡು, ಬೆನ್ನಿಗೆ ನನ್ನ ಭುಜವನ್ನು ಆನಿಸಿ ಕುಳಿತಿದ್ದೆನು. ಮೊದಲ ರಾತ್ರಿ ಕಳೆಯಿತು. ಎರಡನೆಯ ರಾತ್ರಿ ಸಿಡುಕು ಹುಟ್ಟಿತು. ಮೂರನೆಯ ರಾತ್ರಿ ಗೋಡೆಯ ಮೇಲಿನ ನೆರಳು ಕೈಕಾಲು ಪಡೆದು ನಡೆದಾಡಿತು. ನಾಲ್ಕನೆಯ ರಾತ್ರಿಯ ಮರುದಿನ ಬೆಳಗ್ಗೆ ಬಂಧುಗಳೊಬ್ಬರು ಪಾಲುಪಟ್ಟಿಯ ಕಾಗದವನ್ನು ತಂದು ಮುಂದಿಟ್ಟು, "ಓದಿ ನೋಡಪ್ಪ, ಆಮೇಲೆ ರುಜು ಹಾಕು" ಎಂದರು. ಅಕ್ಷರಗಳು ಇರುವೆಯ ಸಾಲಿನಂತೆ ಹರಿದಾಡುತ್ತಿದ್ದುವು. ರುಜು ಹಾಕಿದರೆ ಇವರು ಹೋಗುವರು, ಹೋದರೆ ಅರೆಗಳಿಗೆ ಒರಗಬಹುದು. ನನ್ನಲ್ಲಿ ಉಳಿದಿದ್ದ ತರ್ಕಶಾಸ್ತ್ರವೆಲ್ಲ ಇಷ್ಟೇ. ರುಜು ಹಾಕಿದೆನು. ಬಾವಿಯ ಪಕ್ಕದ ಹಿತ್ತಿಲು ನಮ್ಮ ಪಾಲಿನಿಂದ ತಪ್ಪಿಹೋದುದು ತಿಂಗಳ ಮೇಲೆ ತಿಳಿಯಿತು. ಆ ಬಂಧುಗಳು ಮೋಸಮಾಡಿದರೆಂದು ಹೇಳಲಾರೆ. ಓದೆಂದೇ ಅವರು ಹೇಳಿದ್ದರು.

ಇದಾದ ಮೇಲೆ ನಾನು ಈ ವಿಷಯವನ್ನು ಕುರಿತು ದೊರೆತುದನ್ನೆಲ್ಲ ಓದತೊಡಗಿದೆನು. 1645ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಥ್ಯೂ ಹಾಪ್ಕಿನ್ಸ್ ಎಂಬಾತನು ಮಾಟಗಾರರನ್ನು ಹುಡುಕುತ್ತ ಊರೂರು ತಿರುಗಿದನು. ಹಿಡಿದವರನ್ನು ಕಣ್ಣು ಮುಚ್ಚಗೊಡದೆ ಕಾಯಿಸುವುದೇ ಅವನ ಕಡೆಯವರ ಪರೀಕ್ಷಾವಿಧಾನ. ಬ್ರಾಂಡೆಸ್ಟನ್ ಗ್ರಾಮದ ವೃದ್ಧ ಪಾದ್ರಿ ಜಾನ್ ಲೋಸ್ ಎಂಬವರನ್ನು ಹಲವು ರಾತ್ರಿ ಹೀಗೆ ಎಚ್ಚರವಿರಿಸಿ, ಕೋಣೆಯಲ್ಲಿ ಅತ್ತಿಂದಿತ್ತ ಓಡಿಸಲು, ತಾನು ಮಾಟದಿಂದ ಹಡಗನ್ನು ಮುಳುಗಿಸಿದೆನೆಂದು ಆ ಮುದುಕರು ಒಪ್ಪಿಕೊಂಡರು. ಅವರನ್ನು ಗಲ್ಲಿಗೇರಿಸಿದರು. ಹಿತ್ತಿಲನ್ನು ಬಿಟ್ಟುಕೊಟ್ಟ ನನಗೆ, ಹಡಗನ್ನು ಮುಳುಗಿಸಿದ ಅವರ ಮಾತು ಸ್ವಲ್ಪವೂ ವಿಚಿತ್ರವಾಗಿ ತೋರಲಿಲ್ಲ.

ಇದು ಅಜ್ಞಾನಕಾಲದ ಕಥೆಯೆಂದು ತಳ್ಳಿಬಿಡುವಂತಿಲ್ಲ. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ವಿಚಾರಣೆಯಿಲ್ಲದೆ ಸೆರೆಹಿಡಿದವರ ಪೈಕಿ ಹದಿನಾಲ್ಕು ಮಂದಿಯ ಮೇಲೆ ಐದು ಉಪಾಯಗಳನ್ನು ಕೂಡಿಸಿ ಪ್ರಯೋಗಿಸಿದರು: ಗೋಡೆಗೆ ಕೈಯೂರಿ ತಾಸುಗಟ್ಟಲೆ ನಿಲ್ಲಿಸುವುದು, ತಲೆಗೆ ಚೀಲ ಕವಿಸುವುದು, ಎಡೆಬಿಡದ ಕರ್ಕಶ ಶಬ್ದ, ಅನ್ನಪಾನಗಳನ್ನು ಕಡಿತಗೊಳಿಸುವುದು, ನಿದ್ದೆಗೆಡಿಸುವುದು. ಐರ್ಲೆಂಡಿನ ಸರಕಾರ ದೂರು ಸಲ್ಲಿಸಿತು. ಯೂರೋಪಿನ ಮಾನವ ಹಕ್ಕುಗಳ ಆಯೋಗವು 1976ರಲ್ಲಿ ಇದನ್ನು ಚಿತ್ರಹಿಂಸೆಯೆಂದೇ ಹೇಳಿತು. ಆದರೆ ಅದರ ಮೇಲಿನ ನ್ಯಾಯಸ್ಥಾನವು 1978ರಲ್ಲಿ, ಇದು ಅಮಾನುಷವೂ ಹೀನಾಯವೂ ಆದ ನಡತೆ ಅಹುದು, ಚಿತ್ರಹಿಂಸೆಯೆಂಬ ಹೆಸರಿಗೆ ಬೇಕಾದಷ್ಟು ತೀವ್ರತೆ ಕ್ರೌರ್ಯಗಳು ಇದರಲ್ಲಿಲ್ಲ ಎಂದು ತೀರ್ಮಾನಿಸಿತು. ಹದಿಮೂರು ಮಂದಿ ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂಬ ಕೋರಿಕೆಯನ್ನೂ 2018ರಲ್ಲಿ ತಳ್ಳಿಹಾಕಿದರು. 2021ರಲ್ಲಿ ಬ್ರಿಟನ್ನಿನ ಪರಮೋಚ್ಚ ನ್ಯಾಯಾಲಯವೇ, ಇಂದಿನ ಅಳತೆಯಿಂದ ನೋಡಿದರೆ ಅದು ಚಿತ್ರಹಿಂಸೆಯೇ ಎಂದಿತು. ಐವತ್ತು ವರ್ಷ! ಒಂದು ಶಬ್ದವನ್ನು ತೂಗುವುದಕ್ಕೆ ಇಷ್ಟು ಕಾಲ ಬೇಕಾಯಿತು.

ಅಳತೆಯ ಮಾತು ಇನ್ನೊಂದೆಡೆ ಇನ್ನೂ ಸೂಕ್ಷ್ಮವಾಯಿತು. ಅಮೆರಿಕದ ಸರಕಾರದ ನ್ಯಾಯಪಂಡಿತರು 2005ರ ಒಂದು ಅಭಿಪ್ರಾಯಪತ್ರದಲ್ಲಿ ಸೆರೆಯಾಳನ್ನು ನೂರ ಎಂಬತ್ತು ಗಂಟೆ, ಎಂದರೆ ಏಳೂವರೆ ದಿನ, ಎಚ್ಚರವಿರಿಸಬಹುದೆಂದು ಬರೆದುಕೊಟ್ಟರು. ಒಂದೆರಡು ರಾತ್ರಿ ಚೆನ್ನಾಗಿ ಮಲಗಿದರೆ ಎಲ್ಲವೂ ಸರಿಹೋಗುವುದೆಂಬುದು ಅಂಥ ಪತ್ರಗಳಲ್ಲಿ ಬಂದ ಸಮಾಧಾನ. ಮಲಗಗೊಡದವನ ಮುಂದೆ ಮಲಗಿದರೆ ಸರಿಹೋಗುವುದೆನ್ನುವುದು, ಹಸಿದವನಿಗೆ ಉಂಡರೆ ಹಸಿವು ಹೋಗುವುದೆಂದು ಉಪದೇಶಿಸಿದಂತೆ. ಹಾಗೆ ಇರಿಸಿದವರಲ್ಲಿ ಕೊನೆಯ ಪಕ್ಷ ಐವರಿಗೆ ಭಯಂಕರ ಭ್ರಾಂತಿದರ್ಶನಗಳಾದುವೆಂದು ಅವರದೇ ಶಾಸನಸಭೆಯ ವರದಿ 2014ರಲ್ಲಿ ಹೇಳಿತು.

ವಕೀಲ ಮಿತ್ರರ ಪ್ರಶ್ನೆಗೆ ಉತ್ತರ ಕೊಡಬೇಕಷ್ಟೆ. 1964ರಲ್ಲಿ ಅಮೆರಿಕದ ರ‍್ಯಾಂಡಿ ಗಾರ್ಡ್ನರ್ ಎಂಬ ಹದಿನೇಳರ ಹುಡುಗ ಇನ್ನೂರ ಅರವತ್ತನಾಲ್ಕು ಗಂಟೆ ಎಚ್ಚರವಿದ್ದನು. ಅದೊಂದು ಶಾಲಾಬಾಲಕನ ಪ್ರಯೋಗ. ಯಾವ ಗಳಿಗೆಯಲ್ಲಾದರೂ ಮಲಗಿಬಿಡುವ ಸ್ವಾತಂತ್ರ್ಯ ಅವನಿಗಿದ್ದಿತು. ಜಾಗರಣೆಯಲ್ಲಿ ನನ್ನನ್ನು ಕಾದದ್ದೂ ಒರಗಲು ಒಂದು ಕಂಬ. ತಾಯಿಯ ಪಕ್ಕದಲ್ಲಿ ಕುಳಿತದ್ದೂ ನನ್ನ ಮನಸ್ಸಿನಿಂದಲೇ. ನಿದ್ದೆಯ ಬೀಗದ ಕೈ ಇನ್ನೊಬ್ಬನ ಕೈಯಲ್ಲಿದ್ದು, ಅವನು ಅದನ್ನು ನನ್ನ ಮಾತಿಗೆ ಬೆಲೆಯಾಗಿ ಮಾರಲು ಕುಳಿತಾಗ ಅದು ಬೇರೆಯ ಪದಾರ್ಥವಾಗುತ್ತದೆ. ಗಾಯವಿಲ್ಲ, ರಕ್ತವಿಲ್ಲ, ಮರುದಿನ ತೋರಿಸಲು ಬಾಸುಂಡೆಯಿಲ್ಲ. ಆದುದರಿಂದಲೇ ಅದು ಅನುಕೂಲವಾದ ಆಯುಧ. ನನ್ನ ಎಣಿಕೆಯಲ್ಲಿ ಅದು ಚಿತ್ರಹಿಂಸೆಯೇ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ 2012ರಲ್ಲಿ, ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಪೋಲೀಸಿನವರು ನಡುರಾತ್ರಿ ನುಗ್ಗಿದ ಪ್ರಕರಣದಲ್ಲಿ ನಿದ್ದೆಯ ವಿಚಾರವನ್ನೆತ್ತಿತು. ಅಲ್ಲಿ ನ್ಯಾಯಮೂರ್ತಿ ಬಿ. ಎಸ್. ಚೌಹಾಣರು ನಿದ್ದೆಯನ್ನು ಉಸಿರು, ಅನ್ನಪಾನಗಳ ಸಾಲಿನಲ್ಲಿಟ್ಟು, ಅದನ್ನು ಕೆಡಿಸುವುದು ಹಿಂಸೆಗೆ ಸಮವೆಂದರು. ಮಲಗಿದವರ ಮೇಲೆ ಕೈಮಾಡಿದ ಅಶ್ವತ್ಥಾಮನನ್ನು ನಮ್ಮ ಹಿರಿಯರು ಕ್ಷಮಿಸಿರಲಿಲ್ಲವೆಂಬುದು ಓದುತ್ತಿರುವಾಗ ನೆನಪಾಯಿತು.

ತಾಯಿಯವರು ಆ ಸಲ ಗುಣವಾಗಿ ಎದ್ದರು. ಹಿತ್ತಿಲು ಯಾರ ಪಾಲಿಗೆ ಬಂದಿತೆಂದು ಅವರು ಒಮ್ಮೆ ಕೇಳಿದರು. ನಾನು ಮಾತು ಮರೆಸಿದೆನು. ಪಾಲುಪಟ್ಟಿ ಈಗಲೂ ಪೆಟ್ಟಿಗೆಯಲ್ಲಿದೆ. ಅದರ ಕೊನೆಯಲ್ಲಿರುವ ರುಜು ನನ್ನದೆಂದು ನಾನೇ ಗುರುತಿಸುವುದು ಕಷ್ಟ. ಕಡೆಯ ಎರಡು ಅಕ್ಷರಗಳು ಗೆರೆ ಬಿಟ್ಟು ಕೆಳಕ್ಕೆ ಜಾರಿಹೋಗಿವೆ.